ದುಬಾಷಿಯಿಲ್ಲದ ಆಜ್ಞೆ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನನ್ನ ವೃತ್ತಿಗೆ ಸಂಬಂಧಿಸಿದ ಪಾಠವೊಂದನ್ನು ಬರೆಯಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದ್ದಾರೆ. ಗಣಕಯಂತ್ರದ ‘ಸಿ’ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಮು ಮತ್ತೊಂದನ್ನು ಅಪಾಯವಿಲ್ಲದೆ ನಡೆಸುವುದು ಹೇಗೆಂಬುದನ್ನು ನಾನು ಆಯ್ದುಕೊಂಡಿದ್ದೇನೆ.

ಉದಾಹರಣೆಯನ್ನು ನಮ್ಮ ಆದವಾನಿಯ ಹತ್ತಿ ವ್ಯಾಪಾರದಿಂದಲೇ ತೆಗೆದುಕೊಳ್ಳೋಣ. ದಲಾಲಿ ಅಂಗಡಿಯೊಂದಕ್ಕೆ ಲೆಕ್ಕದ ಪ್ರೋಗ್ರಾಮು ಬರೆದಿದ್ದೇವೆ ಎನ್ನಿ. ಪ್ರತಿ ವ್ಯಾಪಾರಿಯ ಪಟ್ಟಿ ಅವರ ಹೆಸರಿನ ಕಡತದಲ್ಲಿದೆ. ಮುದ್ರಣಕ್ಕೆ ಕಳಿಸಲು ಯೂನಿಕ್ಸ್ ವ್ಯವಸ್ಥೆಯ ‘ಎಲ್‌ಪಿಆರ್’ ಆಜ್ಞೆಯಿದೆ. ಆಜ್ಞೆಯನ್ನೂ ಕಡತದ ಹೆಸರನ್ನೂ ಒಂದೇ ಸಾಲಾಗಿ ಜೋಡಿಸಿ ‘ಸಿಸ್ಟಮ್’ ಎಂಬ ಫಂಕ್ಷನ್ನಿಗೆ ಕೊಟ್ಟರೆ ಕೆಲಸವಾಗುತ್ತದೆ. ಒಂದು ದಿನ ‘ಅಣ್ಣ&ತಮ್ಮ’ ಎಂಬ ಅಂಗಡಿಯ ಪಟ್ಟಿ ಬರುತ್ತದೆ!

ಸಿಸ್ಟಮ್ ಆ ಸಾಲನ್ನು ‘ಶೆಲ್’ ಎಂಬ ದುಬಾಷಿಯ ಕೈಗೆ ಕೊಡುತ್ತದೆ. (‘ಪಿ-ಓಪನ್’ ಫಂಕ್ಷನ್ನಿನದೂ ಇದೇ ರೀತಿ.) ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವ ಊರಿನವರಾದ ನಮಗೆ ದುಬಾಷಿಯ ಉಪಕಾರವೂ ಗೊತ್ತು, ಅವಾಂತರವೂ ಗೊತ್ತು. ಕನ್ನಡದ ಅಕ್ಷರಗಳನ್ನು ಈತ ಮುಟ್ಟುವುದಿಲ್ಲ; ತೊಡಕೆಲ್ಲ ಚಿಹ್ನೆಗಳಲ್ಲಿ. ಈತನಿಗೆ & ಎಂದರೆ ‘ಮತ್ತು’ ಅಲ್ಲ, ‘ಹಿಂದಿನ ಕೆಲಸವನ್ನು ಹಿನ್ನೆಲೆಗೆ ಬಿಟ್ಟು ಮುಂದಿನದನ್ನು ಹಿಡಿ’ ಎಂದರ್ಥ. ಆದ್ದರಿಂದ ‘ಅಣ್ಣ’ ಎಂಬ ಇಲ್ಲದ ಕಡತ ಮುದ್ರಣಕ್ಕೆ ಹೋಗುತ್ತದೆ, ‘ತಮ್ಮ’ ಎಂಬ ಆಜ್ಞೆಯ ಹುಡುಕಾಟ ನಡೆಯುತ್ತದೆ. ಇದು ನಗುವ ಮಾತು. ಆದರೆ ಹೆಸರಿನ ಜಾಗದಲ್ಲಿ ಯಾರಾದರೂ ; ಚಿಹ್ನೆಯಿಟ್ಟು ಮುಂದೆ ಕಡತ ಅಳಿಸುವ ಆಜ್ಞೆ ಬರೆದರೆ ವರ್ಷದ ಲೆಕ್ಕವೇ ಹೋದೀತು. ಇಂಥ ಚಿಹ್ನೆಗಳನ್ನು ಸೋಸಿದರಾಯಿತೆಂದು ಕೆಲವರು ವಾದಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆ ಪಟ್ಟಿ ಉದ್ದವಾದುದು. ಮೇಲಾಗಿ ವ್ಯಾಪಾರಿಯ ಹೆಸರನ್ನು ತಿದ್ದಲು ನಾವಾರು?

ದುಬಾಷಿಯನ್ನೇ ಕೈಬಿಡುವುದು ಲೇಸು. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು 1969ರಿಂದ ಬೆಲ್ ಪ್ರಯೋಗಾಲಯದಲ್ಲಿ ಕಟ್ಟಿದ ಯೂನಿಕ್ಸ್‌ನಿಂದ ಇಂದಿನ ಲಿನಕ್ಸ್‌ಗೂ ಬಂದಿರುವ ‘ಫೋರ್ಕ್’ ಇದಕ್ಕೆ ಸಾಧನ. ಇದನ್ನು ಕರೆದೊಡನೆ ಪ್ರೋಗ್ರಾಮಿನ ಪಡಿಯಚ್ಚಾಗಿ ಒಂದು ಶಿಶುಪ್ರಕ್ರಿಯೆ ಹುಟ್ಟುತ್ತದೆ. ತಾಯಿಗೆ ಶಿಶುವಿನ ಸಂಖ್ಯೆ ಉತ್ತರವಾಗಿ ಸಿಗುತ್ತದೆ, ಶಿಶುವಿಗೆ 0. -1 ಬಂದರೆ ಶಿಶು ಹುಟ್ಟಲೇ ಇಲ್ಲ. ಅನಂತರ ಶಿಶುವು ‘ಎಕ್ಸೆಕ್-ವಿ’ ಕರೆದು ತಾನೇ ಎಲ್‌ಪಿಆರ್ ಆಗಿ ಮಾರ್ಪಡುತ್ತದೆ. ಇಲ್ಲಿ ಆಜ್ಞೆಯ ಪೂರ್ಣ ವಿಳಾಸ ಬೇರೆ, ಕಡತದ ಹೆಸರು ಬೇರೆ. ಒಂದೊಂದನ್ನೂ ಪ್ರತ್ಯೇಕ ಚೀಲದಲ್ಲಿ ಹೊಲಿದು ಕಳಿಸಿದಂತೆ. & ಈಗ ಬರಿಯ ಅಕ್ಷರ. ಹೆಸರು - ಚಿಹ್ನೆಯಿಂದ ಮೊದಲಾದರೆ ಮಾತ್ರ ಎಲ್‌ಪಿಆರ್ ಅದನ್ನು ಸೂಚನೆಯೆಂದು ತಿಳಿದೀತು, ಹಿಂದೆ./ ಸೇರಿಸಿದರೆ ಆ ಭಯವಿಲ್ಲ.

ಎಕ್ಸೆಕ್-ವಿ ಫಲಿಸಿದರೆ ಹಿಂದಿರುಗುವುದಿಲ್ಲ. ಹಿಂದಿರುಗಿತೆಂದರೆ ಸೋತಿದೆ, ಶಿಶುವು ಕೂಡಲೇ ‘_ಎಕ್ಸಿಟ್’ ಮೂಲಕ 127 ಎಂದು ತಿಳಿಸಿ ನಿಲ್ಲಬೇಕು. ಇಲ್ಲವಾದರೆ ಎರಡು ಲೆಕ್ಕದ ಪ್ರೋಗ್ರಾಮುಗಳು ಒಂದೇ ಖಾತೆಯಲ್ಲಿ ಬರೆಯತೊಡಗುತ್ತವೆ. ಮೊದಲಿನ ಅಡಿಗೆರೆಯನ್ನು ಮರೆಯಬಾರದು. ಸಾದಾ ‘ಎಕ್ಸಿಟ್’ ಆದರೆ ತಾಯಿ ಇನ್ನೂ ಬರೆಯದೆ ಉಳಿಸಿಕೊಂಡಿದ್ದ ಸಾಲುಗಳನ್ನು ಶಿಶುವೂ ಬರೆದುಬಿಡಬಹುದು.

ತಾಯಿ ‘ವೇಟ್-ಪಿಡ್’ ಮೂಲಕ ಶಿಶುವಿನ ಅಂತ್ಯವನ್ನು ವಿಚಾರಿಸಲೇಬೇಕು. ವಿಚಾರಿಸದಿದ್ದರೆ ಮುಗಿದ ಶಿಶು ‘ಜೋಂಬಿ’ಯಾಗಿ ವ್ಯವಸ್ಥೆಯ ಪಟ್ಟಿಯಲ್ಲಿ ಉಳಿಯುತ್ತದೆ. ಶಿಶು ಸಹಜವಾಗಿ ಮುಗಿದು 0 ಕೊಟ್ಟಿದ್ದರೆ ಎಲ್‌ಪಿಆರ್ ಪಟ್ಟಿಯನ್ನು ಮುದ್ರಣದ ಸರದಿಗೆ ಸೇರಿಸಿದೆ ಎಂದರ್ಥ; ಕಾಗದ ಹೊರಬಂದಿದೆಯೇ ಎಂಬುದನ್ನು ಗುಮಾಸ್ತರು ಎದ್ದು ಹೋಗಿ ನೋಡಬೇಕು.