ಗುಲಾಮಗಿರಿಯೂ ಅಕ್ಷರಾಭ್ಯಾಸವೂ

ದಿನವೂ ಪುಸ್ತಕಗಳನ್ನು ಕೈಯಲ್ಲಿ ಹಿಡಿದು, ನಾಲ್ವರು ನೋಡುತ್ತಿರಲು ಬೀದಿಯಲ್ಲಿ ನಡೆದು ಶಾಲೆಗೆ ಬರುವ ನಮಗೆ, ಅದೊಂದು ಧೈರ್ಯದ ಕಾರ್ಯವೆಂದು ಎಂದೂ ತೋರುವುದಿಲ್ಲ. ಆದರೆ ಅಮೇರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಜಾರ್ಜಿಯದ ಸವಾನ್ನಾ ಪಟ್ಟಣದಲ್ಲಿ, 1850ರ ದಶಕದಲ್ಲಿ, ಸೂಸಿ ಎಂಬ ಚಿಕ್ಕ ಬಾಲಿಕೆಯು ತನ್ನ ಪುಸ್ತಕವನ್ನು ಕಾಗದದಲ್ಲಿ ಸುತ್ತಿ ಮರೆಮಾಡಿಕೊಂಡು ಪಾಠಕ್ಕೆ ಹೋಗುತ್ತಿದ್ದಳು. ಏಕೆಂದರೆ ಅವಳು ಗುಲಾಮಗಿರಿಯಲ್ಲಿ ಹುಟ್ಟಿದವಳು. ಅಂಥವರಿಗೆ ಓದು ಕಲಿಸುವುದು ಅಲ್ಲಿಯ ಕಾಯಿದೆಯ ಪ್ರಕಾರ ಅಪರಾಧವಾಗಿದ್ದಿತು. ಬಲಿಷ್ಠವಾದ ಸರಕಾರವೊಂದು ಮಗುವಿನ ಕೈಯಲ್ಲಿದ್ದ ಪುಸ್ತಕಕ್ಕೆ ಏಕೆ ಅಂಜಿತು? ಇದನ್ನು ನಾವು ಸ್ವಲ್ಪ ವಿಚಾರಿಸಿ ನೋಡೋಣ.

1619ನೆಯ ಇಸವಿಯಲ್ಲಿ ಇಂಗ್ಲಿಷರ ವಸಾಹತಾದ ವರ್ಜೀನಿಯಕ್ಕೆ ಸುಮಾರು 20 ಮಂದಿ ಆಫ್ರಿಕದವರನ್ನು ಹಡಗಿನಲ್ಲಿ ತಂದು ಮಾರಿದರು. ಅಟ್ಲಾಂಟಿಕ್ ಸಾಗರದ ಮೇಲೆ ನಡೆದ ಈ ಮನುಷ್ಯ ವ್ಯಾಪಾರದಲ್ಲಿ ಒಟ್ಟು ಸುಮಾರು 1 ಕೋಟಿ 25 ಲಕ್ಷ ಜನರು ಆಫ್ರಿಕದಿಂದ ಸಾಗಿಸಲ್ಪಟ್ಟರೆಂದೂ, ಅವರಲ್ಲಿ ಸುಮಾರು 18 ಲಕ್ಷ ಜನರು ದಾರಿಯಲ್ಲಿಯೇ ಸತ್ತರೆಂದೂ ಚರಿತ್ರಕಾರರು ಗಣನೆ ಮಾಡಿದ್ದಾರೆ. 1662ರಲ್ಲಿ ವರ್ಜೀನಿಯದವರು ಒಂದು ಕಾಯಿದೆಯನ್ನು ಮಾಡಿ, ತಾಯಿಯ ಸ್ಥಿತಿಯೇ ಮಗುವಿನ ಸ್ಥಿತಿಯೆಂದು ಗೊತ್ತುಪಡಿಸಿದರು. ಅಂದಿನಿಂದ ಗುಲಾಮ ಸ್ತ್ರೀಯ ಮಡಿಲಿನ ಕೂಸು ಹುಟ್ಟುತ್ತಲೇ ಯಜಮಾನನ ಸೊತ್ತಾಯಿತು. 1793ರಲ್ಲಿ ಹತ್ತಿಯಿಂದ ಬೀಜವನ್ನು ಬೇರ್ಪಡಿಸುವ ಯಂತ್ರವು ಬಂದ ಮೇಲೆ ಹತ್ತಿಯ ಬೇಸಾಯವು ದಕ್ಷಿಣದಲ್ಲೆಲ್ಲ ಹಬ್ಬಿತು. 1808ರಿಂದ ಹೊರಗಿನಿಂದ ಗುಲಾಮರನ್ನು ತರುವುದು ನಿಷೇಧಿಸಲ್ಪಟ್ಟರೂ, ದೇಶದೊಳಗೆ ತಾಯಿಯನ್ನೊಂದು ಕಡೆಗೂ ಮಕ್ಕಳನ್ನೊಂದು ಕಡೆಗೂ ಮಾರುವುದು ನಿಲ್ಲಲಿಲ್ಲ. 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆಯು ಹತ್ತಿರ ಹತ್ತಿರ 40 ಲಕ್ಷವಾಗಿದ್ದಿತು.

ಈ ಜನರು ತಮ್ಮ ಸ್ಥಿತಿಗೆ ಒಗ್ಗಿಕೊಂಡು ಸುಮ್ಮನಿದ್ದರೆಂದು ತಿಳಿಯುವುದು ದೊಡ್ಡ ತಪ್ಪು. ಕೆಲವರು ಬೇಕೆಂದೇ ಕೆಲಸವನ್ನು ನಿಧಾನ ಮಾಡಿದರು, ಕೆಲವರು ಉಪಕರಣಗಳನ್ನು ಮುರಿದರು, ಅನೇಕರು ಓಡಿಹೋದರು. ದಾಸರು ವಿಧೇಯರಾಗಿರಬೇಕೆಂಬ ವಾಕ್ಯವನ್ನೇ ಆರಿಸಿ ಯಜಮಾನರು ಬೋಧಿಸಿದರೆ, ದಾಸರಾದರೋ ರಾತ್ರಿ ಗುಟ್ಟಾಗಿ ಕೂಡಿ, ಐಗುಪ್ತದಿಂದ ಬಿಡುಗಡೆ ಹೊಂದಿದ ಇಸ್ರಾಯೇಲ್ಯರ ಚರಿತ್ರೆಯನ್ನು ನೆನೆದರು. ಕೆಲವು ಸಾರಿ ಆಯುಧವನ್ನೂ ಹಿಡಿದರು. 1739ರಲ್ಲಿ ದಕ್ಷಿಣ ಕ್ಯಾರೊಲೈನದ ಸ್ಟೋನೋ ನದಿಯ ಬಳಿ ದಂಗೆಯೆದ್ದಿತು; ಮಾರನೆಯ ವರುಷವೇ ಅಲ್ಲಿಯ ಅಧಿಕಾರಿಗಳು, ಗುಲಾಮನಿಗೆ ಬರೆಯುವುದನ್ನು ಕಲಿಸಿದವನಿಗೆ 100 ಪೌಂಡುಗಳ ದಂಡವೆಂದು ವಿಧಿಸಿದರು. 1829ರಲ್ಲಿ ಜಾರ್ಜಿಯ, 1830ರಲ್ಲಿ ಉತ್ತರ ಕ್ಯಾರೊಲೈನ, 1832ರಲ್ಲಿ ಅಲಬಾಮ ಸಂಸ್ಥಾನಗಳೂ ಇಂಥ ಕಾಯಿದೆಗಳನ್ನೇ ಮಾಡಿದವು. ಇವುಗಳ ಮಧ್ಯೆ, 1831ರಲ್ಲಿ, ವರ್ಜೀನಿಯದಲ್ಲಿ ದೊಡ್ಡ ದಂಗೆಯನ್ನು ನಡಿಸಿ ಗಲ್ಲಿಗೇರಿದ ನ್ಯಾಟ್ ಟರ್ನರನು ಓದುಬಲ್ಲ ಬೋಧಕನಾಗಿದ್ದನೆಂಬುದು ಗಮನಿಸತಕ್ಕದ್ದು.

ಅಕ್ಷರಕ್ಕೆ ಅಂಜಲು ಇನ್ನೊಂದು ಕಾರಣವೂ ಇದ್ದಿತು. ಗುಲಾಮನು ಹೊರಗೆ ಹೋಗಬೇಕಾದರೆ ಯಜಮಾನನು ಬರೆದುಕೊಟ್ಟ ಚೀಟಿಯು ಕೈಯಲ್ಲಿರಬೇಕು. ಇಲ್ಲವಾದರೆ ಕಾವಲಿನವರು ಹಿಡಿದು ಹೊಡೆಯುವರು. ಬರೆಯಬಲ್ಲವನಾದರೋ ತನ್ನ ಚೀಟಿಯನ್ನು ತಾನೇ ಬರೆದುಕೊಳ್ಳಬಲ್ಲನು! ಮೇರಿಲೆಂಡಿನಲ್ಲಿ ಹುಟ್ಟಿದ ಫ್ರೆಡರಿಕ್ ಡಗ್ಲಸನ ಜೀವನವು ಇದಕ್ಕೆ ಸಾಕ್ಷಿಯಾಗಿದೆ. ಬಾಲಕನಾದ ಅವನಿಗೆ ಯಜಮಾನಿಯು ಅಕ್ಷರಗಳನ್ನು ಕಲಿಸಲಾರಂಭಿಸಿದಳು. ಓದು ಬಂದವನು ಗುಲಾಮನಾಗಿರಲಾರನೆಂದು ಅವಳ ಗಂಡನು ಅದನ್ನು ತಡೆದನು. ಆ ಮಾತಿನಿಂದಲೇ ಬಿಡುಗಡೆಯ ದಾರಿಯು ಯಾವುದೆಂದು ಹುಡುಗನಿಗೆ ತಿಳಿಯಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿಯನ್ನು ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡನು. 1836ರಲ್ಲಿ ತನಗೂ ಸಂಗಡಿಗರಿಗೂ ಸುಳ್ಳು ಚೀಟಿಗಳನ್ನು ಬರೆದು ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದಾಗ, ಒಬ್ಬ ಸಂಗಡಿಗನಿಗೆ ಚೀಟಿಯನ್ನು ರೊಟ್ಟಿಯೊಡನೆ ನುಂಗಿಬಿಡುವಂತೆ ಹೇಳಿಕೊಟ್ಟನು. 1838ರಲ್ಲಿ ತಪ್ಪಿಸಿಕೊಂಡು ಉತ್ತರವನ್ನು ಸೇರಿ, 1845ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿ ಲೋಕವನ್ನೇ ಎಚ್ಚರಿಸಿದನು.

ಹಾಗೆಂದು ಅಕ್ಷರ ಬಾರದವರಿಗೆ ಧೈರ್ಯವಿರಲಿಲ್ಲವೆಂದು ಎಣಿಸಬಾರದು. ಹ್ಯಾರಿಯೆಟ್ ಟಬ್ಮನ್ ಎಂಬ ಮಹಿಳೆಗೆ ಓದುಬರಹ ತಿಳಿಯದು. ಆದರೂ 1849ರಲ್ಲಿ ತಾನು ಪಾರಾದ ಮೇಲೆ, ಸುಮಾರು 13 ಸಾರಿ ಹಿಂದಿರುಗಿ ಸುಮಾರು 70 ಜನರನ್ನು ಬಿಡಿಸಿಕೊಂಡು ಬಂದಳು. ಜನರು ಅವಳನ್ನು ಮೋಶೆ ಎಂದು ಕರೆದುದು ಯೋಗ್ಯವೇ ಸರಿ.

ಈಗ ಸೂಸಿಯ ಕಡೆಗೆ ತಿರುಗೋಣ. ಅವಳು ಹುಟ್ಟಿದುದು 1848ರಲ್ಲಿ. ಅಜ್ಜಿಯು ಅವಳನ್ನು ಸ್ವತಂತ್ರಳಾದ ಒಬ್ಬ ಕರಿಯ ವಿಧವೆಯ ಮನೆಗೆ ಓದಲು ಕಳುಹಿಸಿದಳು. ಅಲ್ಲಿ ಇಪ್ಪತ್ತೈದು ಮೂವತ್ತು ಮಕ್ಕಳಿದ್ದರು. ನೋಡಿದವರಿಗೆ ಸಂಶಯ ಬಾರದಂತೆ ಅವರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಒಬ್ಬೊಬ್ಬರಾಗಿಯೇ ಹೊರಗೆ ಬರುತ್ತಿದ್ದರು. ಮುಂದೆ ಅವಳ ಜೊತೆಯಲ್ಲಿ ಆಡುತ್ತಿದ್ದ ಒಬ್ಬ ಬಿಳಿಯ ಹುಡುಗಿಯೂ, ತನ್ನ ತಂದೆಗೆ ತಿಳಿಸಬಾರದೆಂದು ಮಾತು ತೆಗೆದುಕೊಂಡು, ಕೆಲವು ತಿಂಗಳು ಪಾಠ ಹೇಳಿದಳು. ಕಲಿತ ವಿದ್ಯೆಯಿಂದ ಸೂಸಿಯು ಅಜ್ಜಿಗೆ ಚೀಟಿಗಳನ್ನು ಬರೆದುಕೊಟ್ಟಳು. 1861ರಲ್ಲಿ ಉತ್ತರ ದಕ್ಷಿಣಗಳ ನಡುವೆ ಯುದ್ಧವು ಆರಂಭವಾಯಿತು. 1862ರಲ್ಲಿ ಅವಳು ಉತ್ತರದ ಸೈನ್ಯದ ಆಶ್ರಯಕ್ಕೆ ಬಂದಾಗ, ಶಾಲೆಯನ್ನು ನಡಿಸುವೆಯಾ ಎಂದು ಅಧಿಕಾರಿಯು ಕೇಳಿದನು. ಪುಸ್ತಕಗಳು ದೊರೆತರೆ ನಡಿಸುವೆನೆಂದು ಉತ್ತರ ಕೊಟ್ಟಳು. ಪುಸ್ತಕಗಳು ಬಂದವು. ಆ ದ್ವೀಪದಲ್ಲಿ ಹಗಲು ಸುಮಾರು 40 ಮಕ್ಕಳಿಗೂ, ರಾತ್ರಿ ದೊಡ್ಡವರಿಗೂ ಅವಳು ಗುರುವಾದಳು. ಆಗ ಅವಳಿಗೆ ಇನ್ನೂ ಹದಿನಾಲ್ಕರ ಪ್ರಾಯ. ನಮ್ಮಲ್ಲಿ ಎಷ್ಟೋ ಮಂದಿಯ ವಯಸ್ಸೇ ಅದು! ಅನಂತರ ಕರಿಯ ಸೈನಿಕರ ದಂಡಿನಲ್ಲಿ ಬಟ್ಟೆ ಒಗೆದು, ಗಾಯಗೊಂಡವರ ಶುಶ್ರೂಷೆ ಮಾಡಿ, ಸಿಪಾಯಿಗಳಿಗೆ ಓದು ಕಲಿಸಿದಳು. ಸಂಬಳವನ್ನು ಮಾತ್ರ ಪಡೆಯಲಿಲ್ಲ. 1902ರಲ್ಲಿ ತನ್ನ ನೆನಪುಗಳನ್ನು ಗ್ರಂಥರೂಪದಲ್ಲಿ ಅಚ್ಚುಹಾಕಿಸಿದಳು.

1865ರಲ್ಲಿ ರಾಜ್ಯಾಂಗದ 13ನೆಯ ತಿದ್ದುಪಡಿಯಿಂದ ಗುಲಾಮಗಿರಿಯು ರದ್ದಾಯಿತು. ಆದರೆ ಸಮಾನತೆಯು ಕೂಡಲೆ ಬರಲಿಲ್ಲ. 1870ರಲ್ಲಿ ಕರಿಯ ಗಂಡಸರಿಗೆ ಮತದ ಹಕ್ಕು ಕೊಡಲ್ಪಟ್ಟರೂ, ದಕ್ಷಿಣದ ಸಂಸ್ಥಾನಗಳು ಅಕ್ಷರ ಪರೀಕ್ಷೆಯೆಂಬ ಉಪಾಯವನ್ನು ಹೂಡಿ ಅದನ್ನು ಕಿತ್ತುಕೊಂಡವು. ಅಜ್ಜನು ಓದಿದರೆ ಚಾಟಿಯ ಏಟು. ಮೊಮ್ಮಗನಿಗೆ ಓದು ಬಾರದಿದ್ದರೆ ಮತವಿಲ್ಲ! ಇದಕ್ಕೂ ಅವರು ಶಾಲೆಯಿಂದಲೇ ಉತ್ತರ ಕೊಟ್ಟರು. 1957ರಲ್ಲಿ ದಕ್ಷಿಣ ಕ್ಯಾರೊಲೈನದ ಜಾನ್ಸ್ ದ್ವೀಪದಲ್ಲಿ ಸೆಪ್ಟಿಮಾ ಕ್ಲಾರ್ಕ್ ಎಂಬ ಉಪಾಧ್ಯಾಯಿನಿಯ ಪ್ರಯತ್ನದಿಂದ, ವಯಸ್ಸಾದವರಿಗೆ ಓದು ಕಲಿಸುವ ರಾತ್ರಿಶಾಲೆಯು ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಆರಂಭವಾಯಿತು. ಅದರ ಮಾದರಿಯು ದಕ್ಷಿಣದಲ್ಲೆಲ್ಲ ಹರಡಿತು. 1954ರಲ್ಲಿ ಬಣ್ಣಕ್ಕೊಂದು ಸರಕಾರಿ ಶಾಲೆಯೆಂಬ ಪದ್ಧತಿಯು ನ್ಯಾಯವಲ್ಲವೆಂದು ಶ್ರೇಷ್ಠ ನ್ಯಾಯಾಲಯವು ತೀರ್ಪು ಕೊಟ್ಟಿದ್ದಿತು. 1965ರ ಮತದಾನದ ಕಾಯಿದೆಯು ಆ ಅಕ್ಷರ ಪರೀಕ್ಷೆಯನ್ನೂ ತಡೆಯಿತು.

ಈ ಕಥೆಯು ದೂರದೇಶದ್ದೆಂದು ನಾವು ಸುಮ್ಮನಿರಬಾರದು. ಸೂಸಿಯು ಹುಟ್ಟಿದ 1848ರಲ್ಲಿಯೇ ಪುಣೆಯಲ್ಲಿ ಜ್ಯೋತಿರಾವ್ ಫುಲೆಯವರೂ ಅವರ ಪತ್ನಿ ಸಾವಿತ್ರಿಬಾಯಿಯವರೂ ಬಾಲಿಕೆಯರಿಗಾಗಿ ಶಾಲೆಯನ್ನು ತೆರೆದರು. 1873ರಲ್ಲಿ ಫುಲೆಯವರು ಮರಾಠಿಯಲ್ಲಿ ಬರೆದ ‘ಗುಲಾಮಗಿರಿ’ ಎಂಬ ಗ್ರಂಥವನ್ನು, ದಾಸ್ಯವನ್ನು ತೊಲಗಿಸಿದ ಅಮೇರಿಕಾದ ಸಜ್ಜನರಿಗೆ ಅರ್ಪಿಸಿದರು. ಇಲ್ಲಿಯೂ ಜಾತಿಯ ಕಾರಣದಿಂದ, ಹೆಣ್ಣೆಂಬ ಕಾರಣದಿಂದ, ಅಕ್ಷರವು ನಿರಾಕರಿಸಲ್ಪಟ್ಟಿದ್ದಿತಷ್ಟೆ. ಆದಕಾರಣ ಪುಸ್ತಕವನ್ನು ಮರೆಮಾಡದೆ ಹಿಡಿದು ನಡೆಯುವ ನಾವು, ಅದು ಯಾರು ಯಾರ ಕಷ್ಟದ ಫಲವೆಂಬುದನ್ನು ಮರೆಯದಿರೋಣ. ಸೂಸಿಯು ತಾನು ಕಲಿತುದನ್ನು ತನ್ನಲ್ಲಿಯೇ ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿಯೋ ನೆರೆಯಲ್ಲಿಯೋ ಓದು ಬಾರದವರೊಬ್ಬರು ಇದ್ದರೆ, ನಮ್ಮ ರಾತ್ರಿಶಾಲೆಯು ಅಲ್ಲಿಂದಲೇ ಆರಂಭವಾಗಲಿ.