ಕೈರೋಪ್ರಾಕ್ಟಿಕ್ ಎಂಬ ಬೆನ್ನಿನ ಉಪಚಾರ



ಬೆನ್ನು, ಕುತ್ತಿಗೆಗಳನ್ನು ಕೈಯಿಂದ ಒತ್ತಿ, ‘ಲಟ್’ ಎನಿಸಿ ನೋವು ಕಳೆಯುವ ಉಪಚಾರವೊಂದು ದೊಡ್ಡ ಪಟ್ಟಣಗಳಲ್ಲಿ ನಡೆದಿರುತ್ತದೆ. ಅದಕ್ಕೆ ಕೈರೋಪ್ರಾಕ್ಟಿಕ್ ಎಂದು ಹೆಸರು. ಅದು ಎಂಥದು, ಯಾರಿಗೆ ತಕ್ಕದ್ದು ಎಂದು ಅನೇಕರು ನಮ್ಮನ್ನು ಕೇಳುವದರಿಂದ ಈ ಪಾಠವನ್ನು ಬರೆದಿದ್ದೇವೆ.

ಬೆನ್ನೆಲುಬು ಒಂದೇ ಎಲುಬಲ್ಲ, ಮಣಿಗಳ ಸಾಲು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ 24 ಮಣಿಗಳು ಅಲುಗಾಡುವಂಥವು, ಕೆಳಗಿನವು ಬೆಸೆದುಕೊಂಡಿರುತ್ತವೆ. ಅವುಗಳೊಳಗೆ ಇಳಿದಿರುವ ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ.

1895ರಲ್ಲಿ ಅಮೇರಿಕದ ಡೇವನ್‌ಪೋರ್ಟ್ ಪಟ್ಟಣದಲ್ಲಿ ಡಿ. ಡಿ. ಪಾಮರ್ ಎಂಬವನು ಈ ಪದ್ಧತಿಯನ್ನು ಆರಂಭಿಸಿದನು. ‘ಕೈಯಿಂದ ಮಾಡುವದು’ ಎಂಬರ್ಥದ ಗ್ರೀಕ ಹೆಸರನ್ನು ಸೂಚಿಸಿದವರು ಸಾಮ್ಯುಯೆಲ್ ವೀಡ್ ಎಂಬ ಪಾದ್ರಿಗಳು. ಮಣಿಯು ಸ್ಥಾನ ತಪ್ಪಿ ನರವನ್ನು ಬಾಧಿಸುವದೇ ಹೆಚ್ಚಿನ ರೋಗಗಳ ಮೂಲವೆಂದು ಪಾಮರನ ಮತವಾಗಿತ್ತು. ವೈದ್ಯಶಾಸ್ತ್ರವು ಅದನ್ನು ಒಪ್ಪಿಲ್ಲ. ‘ಲಟ್’ ಎಂಬ ಸಪ್ಪಳವೂ ಎಲುಬು ಸ್ಥಾನಕ್ಕೆ ಬಂದದ್ದಲ್ಲ. ಕೀಲಿನ ದ್ರವದಲ್ಲಿಯ ಗಾಳಿಯ ಗುಳ್ಳೆಯದು. ಆದರೂ ಸಾಮಾನ್ಯ ಸೊಂಟನೋವಿಗೆ ಈ ಉಪಚಾರದಿಂದ ವ್ಯಾಯಾಮದಷ್ಟೇ ಸ್ವಲ್ಪ ಉಪಶಮನ ಉಂಟಾಗುವದುಂಟು.

ನಮ್ಮಲ್ಲಿಯೂ ಇಂಥ ರೂಢಿಗಳಿವೆ. ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವದು, ಕ್ಷೌರದ ಅಂಗಡಿಯಲ್ಲಿ ಕುತ್ತಿಗೆ ತಿರುವಿಸಿಕೊಳ್ಳುವದು ಯಾರಿಗೆ ಗೊತ್ತಿಲ್ಲ? ಕುತ್ತಿಗೆಯನ್ನು ಫಕ್ಕನೆ ತಿರುವಿದರೆ, ಅಪರೂಪವಾಗಿಯಾದರೂ, ರಕ್ತನಾಳ ಹರಿದು ಲಕ್ವ ಹೊಡೆಯಬಹುದು.

ಬೆಟಗೇರಿಯ ಮಗ್ಗದ ಮುಂದೆ ಕುಳಿತವರಿಗೂ ಶಿರಹಟ್ಟಿ, ಲಕ್ಷ್ಮೇಶ್ವರಗಳ ಹೊಲಗಳಲ್ಲಿ ಬಗ್ಗಿ ಕಳೆ ತೆಗೆಯುವವರಿಗೂ ಬರುವ ನೋವು ಬಹುಶಃ ಸ್ನಾಯುಗಳ ದಣಿವಿನದು. ನಡೆದಾಡುವದರಿಂದಲೂ ವ್ಯಾಯಾಮದಿಂದಲೂ ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುವದು. ಮುಂಡರಗಿಯ ಕಡೆಯ ಮಾತು ಬೇರೆ. ಅಲ್ಲಿಯ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಹುಡುಗಿ ನಕ್ಕಾಗ ಹಲ್ಲಿನ ಮೇಲಿನ ಕಂದು ಕಲೆಯನ್ನು ನಾವು ತರಗತಿಯಲ್ಲಿಯೇ ಕಾಣುತ್ತೇವೆ. ಅದೇ ನೀರನ್ನು ವರ್ಷಾನುವರ್ಷ ಕುಡಿದ ತಂದೆತಾಯಿಗಳಲ್ಲಿ ಎಲುಬನ್ನು ಬಿಗಿದ ಕಟ್ಟುಗಳು ಗಟ್ಟಿಯಾಗಿ, ಬೆನ್ನು ಹಲಗೆಯಂತೆ ಸೆಟೆಯಬಹುದು. ಇಂಥ ಬೆನ್ನನ್ನು ಒತ್ತಿದರೆ ಗುಣವಾಗದು. ಎಲುಬು ಮುರಿಯಬಹುದು, ಬೆನ್ನುಹುರಿಗೂ ಪೆಟ್ಟಾಗಬಹುದು. ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವದಿಲ್ಲ. ಶುದ್ಧೀಕರಿಸಿದ ನದಿಯ ನೀರನ್ನಾಗಲಿ ಮಳೆಯ ನೀರನ್ನಾಗಲಿ ಕುಡಿಯತಕ್ಕದ್ದು.

ಆದಕಾರಣ ಬೆನ್ನನ್ನು ಇನ್ನೊಬ್ಬರ ಕೈಗೆ ಕೊಡುವ ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಿರಿ. ಜ್ವರ, ತೂಕ ಇಳಿಯುವಿಕೆ, ಕಾಲು ಜೋಮು ಹಿಡಿಯುವಿಕೆ, ಮೂತ್ರದ ತೊಂದರೆ ಇದ್ದರೆ ತಡಮಾಡಬೇಡಿರಿ. ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್ ಮಾಡುವವರಿಗೆಂದೇ ಕಾನೂನಿನ ಮಂಡಳಿ ಇಲ್ಲದ್ದರಿಂದ, ಅವರು ಎಲ್ಲಿ ಕಲಿತರೆಂಬದನ್ನು ವಿಚಾರಿಸುವ ಭಾರ ನಿಮ್ಮದೇ.

ದೇಹವು ದೇವರು ಕೊಟ್ಟ ಆಲಯ. ಅದರ ಕಂಬಕ್ಕೆ ಕೈಹಚ್ಚುವ ಮುಂಚೆ, ಅದು ಏಕೆ ನೋಯುತ್ತದೆಂದು ತಿಳಿದುಕೊಳ್ಳುವದು ಮೊದಲನೆಯ ಉಪಚಾರ.