ಓಟ ಮುಟ್ಟದ ಮೈ

ಮುಂಬೈ ಮ್ಯಾರಥಾನ್‌ನಲ್ಲಿ ಪೂರ್ತಿ 42.195 ಕಿ.ಮೀ. ಓಡಿದವರು ಪೆಡ್ಡರ್ ರೋಡಿನ ಏರನ್ನು ಮರೆಯುವುದಿಲ್ಲ. ಓಟದ ಕೊನೆಯ ಭಾಗದಲ್ಲಿ, ಕಾಲಿನ ಕಸುವೆಲ್ಲ ಖರ್ಚಾಗಿ ಬಿಸಿಲು ಚುರುಗುಟ್ಟುವ ಹೊತ್ತಿಗೆ ಅದು ಎದುರಾಗುತ್ತದೆ. ಅಲ್ಲಿ ನನ್ನ ಉಸಿರು ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಓಡುತ್ತಿದ್ದವರ ಜೊತೆ ಎರಡು ಮಾತಾಡುವಷ್ಟು ದಮ್ಮಿತ್ತು. ಸೋತದ್ದು ಸೊಂಟ. ಬಲಗಾಲು ಊರಿದಾಗಲೆಲ್ಲ ಅದು ಒಂದು ಕಡೆಗೆ ಕುಸಿಯುತ್ತಿತ್ತು, ಬೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಪದಕ ಕೊರಳಿಗೆ ಬಿದ್ದಾಗ ಕಣ್ಣು ತುಂಬಿ ಬಂದದ್ದು ನಿಜ. ಆದರೆ ಮೈಸೂರಿನ ರೈಲು ಹತ್ತಿದ ಮೇಲೆ ಮನಸ್ಸೆಲ್ಲ ಆ ಸೊಂಟದ ಮೇಲೆಯೇ ಇತ್ತು.

ತಿಂಗಳುಗಟ್ಟಲೆ ಓಡಿ ಹೃದಯ, ಶ್ವಾಸಕೋಶ ಹದಕ್ಕೆ ಬಂದಿದ್ದವು. ಓಟವೆಂದರೆ ಮುಂದಕ್ಕೆ ಮಾತ್ರ ಸಾಗುವ ಕೆಲಸ. ಅದರಲ್ಲಿ ಪಕ್ಕಕ್ಕೆ ಸರಿಯುವುದಿಲ್ಲ, ಪೂರ್ತಿ ಕುಕ್ಕರುಗಾಲಲ್ಲಿ ಕೂತೇಳುವುದಿಲ್ಲ, ಭಾರ ಎತ್ತುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ಮೈಭಾರದ ಎರಡು ಮೂರು ಪಟ್ಟು ಒತ್ತಡ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆಗ ಸೊಂಟವನ್ನು ಮಟ್ಟವಾಗಿ ಹಿಡಿಯಬೇಕಾದದ್ದು ಪೃಷ್ಠದ ಪಕ್ಕದ ಸ್ನಾಯು. ಬರೀ ಓಡುತ್ತ ಹೋದರೆ ಅದಕ್ಕೆ ಬೇಕಾದಷ್ಟು ಬಲ ಬರುವುದಿಲ್ಲ. ಹಾಗಾಗಿ ಮುಂದಿನ ಕೆಲವು ತಿಂಗಳು ಓಟವನ್ನು ಹಿಂದಿಟ್ಟು, ಅದು ಮುಟ್ಟದೆ ಬಿಟ್ಟ ಮೈಯನ್ನು ತಿದ್ದಲು ತೀರ್ಮಾನಿಸಿದೆ.

ಮೊದಲ ಎರಡು ವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ, ಆಮೇಲೆ ಈಜು. ಅಷ್ಟು ದೂರ ಓಡಿದಾಗ ಸ್ನಾಯುಗಳಲ್ಲಿ ಆಗುವ ಸಣ್ಣ ಸಣ್ಣ ಹರುಕು ಮಾಯಲು ಎರಡು ಮೂರು ವಾರವಾದರೂ ಬೇಕು. ನೀರಿನಲ್ಲಿ ಮೈಭಾರ ಇಳಿಯುತ್ತದೆ, ಕಾಲಿಗೆ ಪೆಟ್ಟಿಲ್ಲ, ಹೃದಯಕ್ಕೆ ಮಾತ್ರ ಬೇಕಾದಷ್ಟು ಕೆಲಸ. ಓಟ ನಿಲ್ಲಿಸಿದರೆ ಕಷ್ಟಪಟ್ಟು ಗಳಿಸಿದ್ದೆಲ್ಲ ಹೋಗಿಬಿಡುತ್ತದೆ ಎಂಬ ಭಯ ಓಟಗಾರರಿಗೆಲ್ಲ ಇದೆ. ಆದರೆ ಹೃದಯ ಬಡಿದುಕೊಳ್ಳುವುದು ಈಜಿಗೋ ಸೈಕಲ್ಲಿಗೋ ಮೆಟ್ಟಿಲಿಗೋ, ಅದಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಎಲುಬಿಗೆ ಮಾತ್ರ ಇದೆ. ಭಾರ ಬೀಳದೆ ಎಲುಬು ಗಟ್ಟಿಯಾಗದು, ಆದ್ದರಿಂದ ಈಜೊಂದನ್ನೇ ನಂಬುವಂತಿಲ್ಲ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹಿಡಿದದ್ದು ಅದಕ್ಕೇ. ಸಾವಿರಕ್ಕೂ ಮಿಕ್ಕಿದ ಈ ಮೆಟ್ಟಿಲುಗಳು 17ನೇ ಶತಮಾನದ ದೊಡ್ಡ ದೇವರಾಜ ಒಡೆಯರ ಕಾಲದವು. ಹತ್ತುವುದು ಕಾಲ್ನಡಿಗೆಯಲ್ಲಿ, ಇಳಿಯುವುದು ಸಿಟಿ ಬಸ್ಸಿನಲ್ಲಿ. ಕೆಲವರಿಗೆ ಇದು ಸೋಮಾರಿತನವಾಗಿ ಕಾಣಬಹುದು, ಆದರೆ ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕು. ಮಾರನೆಯ ದಿನ ತೊಡೆ ಹಿಡಿದುಕೊಳ್ಳುವುದು ಹೆಚ್ಚಾಗಿ ಈ ಇಳಿತದಿಂದಲೇ. ಚೇತರಿಸಿಕೊಳ್ಳುತ್ತಿರುವ ಕಾಲಿಗೆ ಅದು ಬೇಡ. ಅಲ್ಲಿ ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಹತ್ತುತ್ತಾರೆ. ಬಟ್ಟಲು ಎಡಗೈಯಲ್ಲಿ, ಬೆರಳು ಕುಂಕುಮದಲ್ಲಿ. ಬಗ್ಗುವುದು, ಹಚ್ಚುವುದು, ಏಳುವುದು, ಮುಂದಿನ ಮೆಟ್ಟಿಲು. ಅರವತ್ತು ದಾಟಿದಂತೆ ಕಾಣುವ ಒಬ್ಬ ತಾಯಿ ಹೀಗೆ ದಾರಿಯಲ್ಲಿನ ನಂದಿ ವಿಗ್ರಹದವರೆಗೂ ನಿಲ್ಲದೆ ಬಂದದ್ದನ್ನು ಹಿಂದಿನಿಂದ ನೋಡುತ್ತ ಹತ್ತಿದ್ದೇನೆ. ಮ್ಯಾರಥಾನ್ ಮುಗಿಸಿದ ಎಷ್ಟು ಜನರ ಸೊಂಟ ಇಷ್ಟನ್ನು ತಾಳೀತು?

ಹೆಚ್ಚು ಕಲಿತದ್ದು ಗರಡಿಯಲ್ಲಿ. ನಮ್ಮ ಬಡಾವಣೆಯ ಹಳೆಯ ಗರಡಿಯಲ್ಲಿ ಜರಡಿ ಹಿಡಿದ ಕೆಂಪು ಮಣ್ಣಿಗೆ ಎಣ್ಣೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡಿರುತ್ತಾರೆ. ಆಂಜನೇಯನಿಗೆ ಕೈಮುಗಿದು, ಮಣ್ಣನ್ನು ಹಣೆಗೊತ್ತಿಕೊಂಡು ಬರಿಗಾಲಲ್ಲಿ ಇಳಿಯಬೇಕು. ಕಾಲಿಟ್ಟ ಕೂಡಲೇ ಮಣ್ಣು ಜರುಗುತ್ತದೆ, ಬೆರಳು ತಾನಾಗಿ ನೆಲ ಕಚ್ಚುತ್ತದೆ, ಶೂಸಿನೊಳಗೆ ಬೆಚ್ಚಗೆ ಮಲಗಿದ್ದ ಪಾದದ ಸಣ್ಣ ಸ್ನಾಯುಗಳೆಲ್ಲ ಏಳುತ್ತವೆ. ಉಸ್ತಾದರು ಮೊದಲು ಬಸ್ಕಿ ಹೊಡೆಸಿ, ಸುತ್ತ ಬಂದು ನೋಡಿದರು. "ಓಡೋ ಕಾಲು ಸಾರ್ ಇದು, ಊರಿ ನಿಲ್ಲೋದು ಇನ್ನೂ ಕಲೀಬೇಕು" ಎಂದು ಹಿಮ್ಮಡಿಯನ್ನು ಕೈಯಿಂದ ನೆಲಕ್ಕೊತ್ತಿ ಹಿಡಿದರು. ಹಿಮ್ಮಡಿ ಏಳದಂತೆ ಪೂರ್ತಿ ಕೂತು ಎದ್ದರೆ ತೊಡೆ, ಪೃಷ್ಠ, ಬೆನ್ನಿನ ಬುಡ ಒಟ್ಟಿಗೆ ಕೆಲಸಕ್ಕೆ ಬರುತ್ತವೆ. ಆಮೇಲೆ ದಂಡ, ಕೊನೆಗೆ ಗದೆ. ಗದೆಯನ್ನು ತಲೆಯ ಹಿಂದಿನಿಂದ ಬಳಸಿ ತರುವಾಗ ತೋಳಿನ ಬಲ ನೆಚ್ಚಿದರೆ ಅದು ನಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ನಡು ಬಿಗಿಹಿಡಿದು ಪಾದ ಊರಿದರಷ್ಟೇ ಅದು ಮಾತು ಕೇಳುವುದು. ಪೆಡ್ಡರ್ ರೋಡಿನಲ್ಲಿ ನನಗೆ ಬೇಕಾಗಿದ್ದದ್ದು ಇದೇ ಬಿಗಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮವನ್ನೂ, ಕಡೇಪಕ್ಷ ಎರಡು ದಿನ ಸ್ನಾಯುಬಲದ ಕಸರತ್ತನ್ನೂ ಹೇಳುತ್ತದೆ. ಓಟಗಾರರು ಮೊದಲನೆಯದನ್ನು ಲೀಲಾಜಾಲವಾಗಿ ದಾಟಿ ಎರಡನೆಯದನ್ನು ಕೈಬಿಡುತ್ತಾರೆ. ನಡುವಯಸ್ಸಿನಲ್ಲಿ ಸ್ನಾಯು ತಾನಾಗಿ ಕರಗತೊಡಗುವುದರಿಂದ ಆ ಎರಡು ದಿನಗಳೇ ಹೆಚ್ಚು ಮುಖ್ಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಪಕ್ಕದ ಚಲನೆಗೆ ಸಂಜೆ ಮಕ್ಕಳ ಜೊತೆ ಶಟಲ್, ಭಾನುವಾರ ಶ್ರೀರಂಗಪಟ್ಟಣದ ಕಡೆಗೆ ಸೈಕಲ್. ಇವು ಖುಷಿಗೂ ಹೌದು. ಬೇಜಾರಾಗದ ವ್ಯಾಯಾಮವೇ ವರ್ಷವಿಡೀ ಉಳಿಯುವುದು.

ಈಗ ಮತ್ತೆ ಓಡುತ್ತಿದ್ದೇನೆ, ವಾರದಲ್ಲಿ ಎರಡು ಮೂರು ಬೆಳಗ್ಗೆ. ಲಲಿತಮಹಲ್ ರಸ್ತೆಯ ಏರಿನಲ್ಲಿ ಬೆನ್ನು ಬಾಗುವುದಿಲ್ಲ. ಮುಂದಿನ ಜನವರಿಯ ಮುಂಬೈ ಓಟಕ್ಕೆ ತಯಾರಾಗುತ್ತಿರುವ ಗೆಳೆಯರು ಬಂದು ಕೇಳಿದಾಗ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ದೂರ ಹೆಚ್ಚಾದ ವಾರಗಳಲ್ಲಿ ಪಟ್ಟಿಯಿಂದ ಮೊದಲು ಜಾರುವುದು ಬಸ್ಕಿ, ದಂಡಗಳೇ. ಅಂಥ ವಾರ ಅವುಗಳ ಎಣಿಕೆಯನ್ನು ಅರ್ಧಕ್ಕಿಳಿಸಿ, ಉದ್ದ ಓಟದ ಹಿಂದಿನ ದಿನ ಬೇಕಾದರೆ ಬಿಡಿ, ಉಳಿದಂತೆ ವಾರಕ್ಕೆರಡು ಸಲ ತಪ್ಪಿಸಬೇಡಿ.